ಯೀಸ್ಟ್ ಸತ್ತಿದೆಯಾ? ಮೊದಲು ನೀರಿನ ಬಿಸಿ ನೋಡಿ

ಪ್ರಶ್ನೆ: ಒಣ ಯೀಸ್ಟ್ ಪ್ಯಾಕೆಟ್ ಒಡೆದು ಕೆಲವು ತಿಂಗಳಾಗಿದೆ. ಅದರ ಮೇಲಿನ ದಿನಾಂಕ ಇನ್ನೂ ಮುಗಿದಿಲ್ಲ. ಆದರೂ ನೀರಿಗೆ ಹಾಕಿದರೆ ನೊರೆ ಬರುತ್ತಿಲ್ಲ. ಎಸೆಯಬೇಕಾ?

ಉತ್ತರ: ಈ ಪ್ರಶ್ನೆ ಕಳಿಸುವವರಲ್ಲಿ ನೀರು ಎಷ್ಟು ಬಿಸಿ ಇತ್ತು ಅಂತ ಬರೆಯುವವರು ತೀರಾ ಕಡಿಮೆ. ನೀವೂ ಬರೆದಿಲ್ಲ. ಯೀಸ್ಟ್ ಜೀವವಿರುವ ವಸ್ತು. ನೀರು 55–60 ಡಿಗ್ರಿ ಸೆಲ್ಸಿಯಸ್ ಇದ್ದರೆ ಅದು ಸಾಯುತ್ತದೆ. ಕುದಿಸಿ ಸ್ವಲ್ಪ ಹೊತ್ತು ಇಟ್ಟ ನೀರು ಕೂಡ ಇದಕ್ಕಿಂತ ಬಿಸಿಯಾಗಿರಬಹುದು. ಒಳ್ಳೆಯ ಯೀಸ್ಟನ್ನು ಹೀಗೆ ಕೊಂದು, ಆಮೇಲೆ ಅಂಗಡಿಯವರನ್ನು ಬೈಯುವುದು ಸರಿಯಲ್ಲ.

ಇನ್ನೊಮ್ಮೆ ಮಾಡಿ. ಅರ್ಧ ಕಪ್, ಅಂದರೆ 120 ಮಿ.ಲೀ. ನೀರು ತೆಗೆದುಕೊಳ್ಳಿ. ಬಿಸಿ 38ರಿಂದ 43 ಡಿಗ್ರಿ ಒಳಗಿರಲಿ. ಥರ್ಮಾಮೀಟರ್ ಇಲ್ಲದಿದ್ದರೆ ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಡಿ. ಹಿತವಾಗಿ ಬೆಚ್ಚಗೆ ಅನ್ನಿಸಬೇಕು, ಸುಡಬಾರದು. ಅನುಮಾನವಿದ್ದರೆ ಇನ್ನೂ ಸ್ವಲ್ಪ ಆರಲು ಬಿಡಿ. ಒಂದು ಚಮಚ ಸಕ್ಕರೆ ಕರಗಿಸಿ, ಸುಮಾರು 7 ಗ್ರಾಂ ಯೀಸ್ಟ್ ಹಾಕಿ ಕಲಕಿ. 10 ನಿಮಿಷ ಮುಟ್ಟಬೇಡಿ.

ಈಗ ನೋಡುವುದರಲ್ಲೇ ಜಾಸ್ತಿ ಜನ ಎಡವುತ್ತಾರೆ. ಹಾಕಿದ ತಕ್ಷಣ ಏಳುವ ನಾಲ್ಕು ಗುಳ್ಳೆ ಲೆಕ್ಕಕ್ಕಿಲ್ಲ. ಅದು ಒಣ ಕಾಳುಗಳ ನಡುವೆ ಇದ್ದ ಗಾಳಿ, ಅಷ್ಟೇ. ಯೀಸ್ಟ್ ಚೆನ್ನಾಗಿದ್ದರೆ ಕೆನೆಯಂಥ ದಪ್ಪ ನೊರೆ ಮೇಲೇರುತ್ತದೆ. ಒಂದು ಕಪ್ಪಿನ ಅಳತೆಯ ಪಾತ್ರೆಯಾದರೆ ಹೆಚ್ಚುಕಡಿಮೆ ಅಂಚಿನವರೆಗೂ ಬರುತ್ತದೆ. ಬ್ರೆಡ್ಡಿನ ವಾಸನೆಯೂ ಬರುತ್ತದೆ. ನೀರು ಬರೀ ಮಬ್ಬಾಗಿ, ಯೀಸ್ಟ್ ತಳಕ್ಕೆ ಕೂತರೆ ಆ ಪ್ಯಾಕೆಟ್ ಎಸೆಯಿರಿ.

ಅರೆಬರೆ ನೊರೆ ಬಂದರೆ? ಎರಡು ಪಟ್ಟು ಹಾಕಿದರೆ ಸರಿಹೋಗುತ್ತದೆ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸತ್ತ ಯೀಸ್ಟಿನಿಂದ ಗ್ಲುಟಾಥಯೋನ್ ಎಂಬ ವಸ್ತು ಹೊರಬರುತ್ತದೆ. ಅದು ಹಿಟ್ಟಿನ ಬಿಗಿ ಕೆಡಿಸಿ ಜೋಲಾಗಿಸುತ್ತದೆ. ಒಂದು ಪ್ಯಾಕೆಟ್ ಉಳಿಸಲು ಹೋಗಿ ಹಿಟ್ಟು, ಬೆಣ್ಣೆ, ಅರ್ಧ ದಿನ ಎಲ್ಲ ಕಳೆದುಕೊಳ್ಳುವುದು ಯಾಕೆ?

ಇನ್ನು ದಿನಾಂಕದ ಮಾತು. ಅದು ಒಡೆಯದ ಪ್ಯಾಕೆಟ್ಟಿಗೆ ಮಾತ್ರ. ಒಡೆದ ಮೇಲೆ ಗಾಳಿ, ತೇವ, ಬಿಸಿ ಮೂರೂ ಸೇರಿ ಯೀಸ್ಟನ್ನು ಸಾಯಿಸುತ್ತವೆ. ಗಾಳಿ ಹೋಗದ ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಸುಮಾರು 4 ತಿಂಗಳು, ಫ್ರೀಜರಿನಲ್ಲಾದರೆ 6 ತಿಂಗಳು ಬಾಳುತ್ತದೆ. ಒಲೆ ಪಕ್ಕದ ಕಪಾಟಿನಲ್ಲಿ ಇಡಲೇಬೇಡಿ.

ಪ್ರಶ್ನೆ: ಅಡುಗೆ ಸೋಡಾ, ನಿಂಬೆರಸ ಹಾಕಿದರೆ ಸತ್ತ ಯೀಸ್ಟ್ ಮತ್ತೆ ಏಳುತ್ತದೆ ಅಂತ ವಿಡಿಯೋದಲ್ಲಿ ನೋಡಿದೆ. ನಿಜವಾ?

ಉತ್ತರ: ಶುದ್ಧ ಸುಳ್ಳು. ಸೋಡಾಕ್ಕೆ ಹುಳಿ ತಾಗಿದರೆ ಯೀಸ್ಟ್ ಇಲ್ಲದೆಯೂ ನೊರೆ ಬರುತ್ತದೆ. ಇಂಥದ್ದನ್ನು ತೋರಿಸಿ ಜನರನ್ನು ದಾರಿ ತಪ್ಪಿಸುವವರ ಮಾತು ಕೇಳಬೇಡಿ.

ಪ್ರಶ್ನೆ: ಉಪ್ಪು ತಾಗಿದರೆ ಯೀಸ್ಟ್ ಸಾಯುತ್ತದಂತೆ, ಹೌದಾ?

ಉತ್ತರ: ಹಿಟ್ಟಿಗೆ ಹಾಕುವಷ್ಟು ಉಪ್ಪಿನಿಂದ ಸಾಯುವುದಿಲ್ಲ, ಉಬ್ಬುವುದು ಸ್ವಲ್ಪ ನಿಧಾನವಾಗುತ್ತದೆ ಅಷ್ಟೇ. ಪರೀಕ್ಷೆಯ ನೀರಿಗೆ ಮಾತ್ರ ಉಪ್ಪು ಬೇಡ.

ಪ್ರಶ್ನೆ: ಇನ್‌ಸ್ಟಂಟ್ ಯೀಸ್ಟನ್ನೂ ನೀರಿನಲ್ಲಿ ನೆನೆಸಲೇಬೇಕಾ?

ಉತ್ತರ: ಬೇಡ, ಹೊಸದಾದರೆ ನೇರವಾಗಿ ಹಿಟ್ಟಿಗೆ ಬೆರೆಸಿ. ಒಡೆದು ತಿಂಗಳುಗಟ್ಟಲೆ ಇಟ್ಟಿದ್ದರೆ ಮೇಲಿನ ಪರೀಕ್ಷೆಯನ್ನೇ ಮಾಡಿ.