ಹಳೇ ಬೈಕಿನ ಡಿಸ್ಕ್ ಬ್ರೇಕ್ ಕಿರುಚಾಟ: ಹೊಸ ಪ್ಯಾಡ್ ಹಾಕಿದರೂ ಯಾಕೆ ನಿಲ್ಲುವುದಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಬೈಕಿಗೆ ಹದಿನೈದು ವರ್ಷವಾಗಿದೆ, ಮುಂದಿನ ಡಿಸ್ಕ್ ಬ್ರೇಕನ್ನು ಮೆಲ್ಲಗೆ ಹಿಡಿದಾಗ ಕಿವಿ ಚುಚ್ಚುವ ಕೀರಲು ಸದ್ದು, ಹೊಸ ಪ್ಯಾಡ್ ಹಾಕಿಸಿದ ಒಂದು ವಾರ ಸುಮ್ಮನಿದ್ದು ಮತ್ತೆ ಶುರು. ಇನ್ನೊಂದು ಜೊತೆ ಪ್ಯಾಡ್ ಕೊಳ್ಳುವ ಮೊದಲು ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತಿ ಹಿಡಿಯುವ ಭಾಗ) ಬಿಚ್ಚಿ ನೋಡಿ. ಕೀರಲು ಅಂದರೆ ಪ್ಯಾಡ್ ಡಿಸ್ಕನ್ನು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸೆಕೆಂಡಿಗೆ ಸಾವಿರಾರು ಸಲ ನಡುಗುವುದು. ಆ ನಡುಕಕ್ಕೆ ಅವಕಾಶ ಕೊಡುವುದು ಹೆಚ್ಚಾಗಿ ಪ್ಯಾಡ್ ಅಲ್ಲ, ಅದರ ಹಿಂದೆ ಕಚ್ಚಿಕೊಂಡಿರುವ ಅಥವಾ ಸಡಿಲವಾಗಿರುವ ಭಾಗ. ಹೊಸ ಪ್ಯಾಡ್ ಒಂದು ವಾರ ಸುಮ್ಮನಿತ್ತು ಅನ್ನುವುದೇ ಇದಕ್ಕೆ ಒಳ್ಳೆಯ ಸುಳಿವು.

ಮೊದಲು ಸದ್ದು ಯಾವ ಥರದ್ದು ಅಂತ ಗಮನಿಸಿ. ಮೆಲ್ಲಗೆ ಹಿಡಿದಾಗ ಕೀರಿ, ಜೋರಾಗಿ ಹಿಡಿದರೆ ನಿಂತರೆ ಅದು ನಡುಕದ ಸದ್ದು. ಬ್ರೇಕ್ ಹಿಡಿಯದೆಯೂ ಬರುತ್ತಿದ್ದರೆ ಪ್ಯಾಡ್ ಡಿಸ್ಕಿಗೆ ಉಜ್ಜುತ್ತಲೇ ಇದೆ. ಚಕ್ರ ಸುತ್ತಿದಷ್ಟಕ್ಕೂ ತಾಳ ಹಾಕಿದ ಹಾಗೆ ಬಂದರೆ ಡಿಸ್ಕ್ ಓಲಾಡುತ್ತಿರಬಹುದು. ಕರಕರ ಅಂತ ಕಬ್ಬಿಣ ಕೆರೆದ ಹಾಗಿದ್ದರೆ ಪ್ಯಾಡ್ ಮುಗಿದು ತಗಡು ಡಿಸ್ಕಿಗೆ ತಾಗುತ್ತಿದೆ. ಆಗ ಗಾಡಿ ಓಡಿಸಲೇಬೇಡಿ.

ಕ್ಯಾಲಿಪರ್ ಕೆಳಗಿಳಿಸಿದ ಮೇಲೆ ಎರಡೂ ಪ್ಯಾಡನ್ನು ಅಕ್ಕಪಕ್ಕ ಇಟ್ಟು ನೋಡಿ. ಪಿಸ್ಟನ್ (ಆಯಿಲಿನ ಒತ್ತಡಕ್ಕೆ ಪ್ಯಾಡನ್ನು ತಳ್ಳುವ ಭಾಗ) ಕಡೆಯದು ತೆಳ್ಳಗೆ, ಇನ್ನೊಂದು ದಪ್ಪಗೆ ಉಳಿದಿದ್ದರೆ ಕ್ಯಾಲಿಪರ್ ಆಚೀಚೆ ಜಾರುವ ಸ್ಲೈಡ್ ಪಿನ್ ಕಚ್ಚಿಕೊಂಡಿದೆ, ಇಲ್ಲವೇ ಪಿಸ್ಟನ್ ಹಿಂದಕ್ಕೆ ಬರುತ್ತಿಲ್ಲ. ಒಂದೇ ಪ್ಯಾಡ್ ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳ್ಳಗೆ ಸವೆದಿದ್ದರೂ ಕ್ಯಾಲಿಪರ್ ನೇರವಾಗಿ ಜಾರುತ್ತಿಲ್ಲ ಅಂತಲೇ ಅರ್ಥ. ಪುಡಿಯನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಪ್ಯಾಡುಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುವ ಸಾಧ್ಯತೆ ಇದೆ, ಒದ್ದೆ ಬಟ್ಟೆಯಲ್ಲಿ ಒರೆಸಿ.

ಸ್ಲೈಡ್ ಪಿನ್ನಿನಿಂದ ಶುರು ಮಾಡಿ, ಹಳೇ ಬೈಕುಗಳಲ್ಲಿ ಅರ್ಧ ರಗಳೆ ಇಲ್ಲೇ. ಪಿನ್ ಎಳೆದು ತೆಗೆದರೆ ಹಳೇ ಗ್ರೀಸ್ ಕಂದು ಬಣ್ಣಕ್ಕೆ ತಿರುಗಿ ಅಂಟಾಗಿರುತ್ತದೆ, ತುಕ್ಕಿನ ಕಲೆಯೂ ಇರಬಹುದು. ಪೂರ್ತಿ ಒರೆಸಿ. ಪಿನ್ ಮೇಲೆ ತುಕ್ಕಿನ ಗುಳಿ ಬಿದ್ದಿದ್ದರೆ ಪಿನ್ನೇ ಬದಲಿಸಿ. ಎರಡು ಪಿನ್ ಒಂದೇ ಥರ ಇರಬೇಕೆಂದಿಲ್ಲ, ಯಾವುದು ಯಾವ ತೂತಿನದು ಅಂತ ಗುರುತು ಮಾಡಿಕೊಳ್ಳಿ. ಸಿಲಿಕೋನ್ ಗ್ರೀಸ್ ತೆಳ್ಳಗೆ, ಬಟಾಣಿ ಕಾಳಿನ ಅರ್ಧದಷ್ಟು ಸಾಕು. ಜಾಸ್ತಿ ತುಂಬಿದರೆ ಪಿನ್ ಮುಚ್ಚುವ ರಬ್ಬರ್ ಬೂಟಿನೊಳಗೆ ಗಾಳಿ, ಗ್ರೀಸ್ ಒತ್ತಿಕೊಂಡು ಕ್ಯಾಲಿಪರನ್ನು ತಳ್ಳುತ್ತಲೇ ಇರುತ್ತದೆ. ಚೈನ್, ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಬೇಡವೇ ಬೇಡ, ಅದರಲ್ಲಿ ರಬ್ಬರ್ ಊದಿಕೊಳ್ಳುತ್ತದೆ. ಕೊನೆಗೆ ಕ್ಯಾಲಿಪರ್ ಬೆರಳಿನ ಬಲಕ್ಕೆ ಆಚೀಚೆ ಜಾರಬೇಕು.

ಆಮೇಲೆ ಪಿಸ್ಟನ್. ಇದನ್ನು ಹಿಂದಕ್ಕೆಳೆಯುವುದು ಸ್ಪ್ರಿಂಗ್ ಅಲ್ಲ, ಚೌಕ ಅಂಚಿನ ರಬ್ಬರ್ ಸೀಲ್. ಲಿವರ್ ಹಿಡಿದಾಗ ಸೀಲ್ ಸ್ವಲ್ಪ ಬಾಗುತ್ತದೆ, ಬಿಟ್ಟಾಗ ನೆಟ್ಟಗಾಗಿ ಪಿಸ್ಟನನ್ನು ಕೂದಲೆಳೆಯಷ್ಟು ಒಳಗೆಳೆಯುತ್ತದೆ. ಕೊಳೆ ಮೆತ್ತಿಕೊಂಡರೆ ಆ ಕೂದಲೆಳೆಯೂ ಹೋಗುತ್ತದೆ. ಹೀಗೆ ಮಾಡಿ: ಕ್ಯಾಲಿಪರಿನೊಳಗೆ ಮರದ ತುಂಡು ಇಟ್ಟುಕೊಂಡು ಲಿವರ್ ಒತ್ತುತ್ತಾ ಪಿಸ್ಟನ್ ಸುಮಾರು 5 ಮಿ.ಮೀ. ಹೊರಬರುವಷ್ಟು ಮಾಡಿ. ಪೂರ್ತಿ ಹೊರಗೆ ಬೀಳಿಸಬೇಡಿ. ಸುತ್ತಲಿನ ಕಪ್ಪು ಕೊಳೆಯನ್ನು ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಸೋಪಿನ ನೀರು ಹಾಕಿ ಉಜ್ಜಿ ಒಣಗಿಸಿ, ಸ್ವಚ್ಛವಾದ ಬ್ರೇಕ್ ಆಯಿಲ್ ಸವರಿ, ಆಮೇಲೆ ಕೈಯಿಂದ ಒಳಗೆ ಒತ್ತಿ. ಹ್ಯಾಂಡಲ್ ಮೇಲಿನ ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದಿಟ್ಟು ಕಣ್ಣಿಟ್ಟಿರಿ, ಆಯಿಲ್ ಉಕ್ಕಿ ಬಣ್ಣದ ಮೇಲೆ ಬಿದ್ದರೆ ಬಣ್ಣ ತಿಂದುಬಿಡುತ್ತದೆ. ಕೊಳೆಯ ಜೊತೆಗೇ ಪಿಸ್ಟನ್ ಒಳಗೆ ತಳ್ಳುವುದು ಬಹಳ ಜನ ಮಾಡುವ ತಪ್ಪು. ಹಾಗೆ ತಳ್ಳಿದ ಕೊಳೆ ನೇರ ಸೀಲಿನ ಮೇಲೆ ಹೋಗಿ ಕೂರುತ್ತದೆ.

ಶುಚಿ ಮಾಡಿದ ಮೇಲೂ ಪಿಸ್ಟನ್ ಬಿಗಿಯಾಗಿದ್ದರೆ ಹೊರಗೆ ತೆಗೆದು ಸೀಲ್ ಕೂರುವ ತೋಡಿನೊಳಗೆ ನೋಡಿ. ಅಲ್ಯೂಮಿನಿಯಂ ಕೊರೆದು ಬಿಳಿ ಹರಳಿನಂಥ ಪುಡಿ ಕಟ್ಟಿರುತ್ತದೆ, ಅದು ಸೀಲನ್ನು ಹಿಂದಿನಿಂದ ಒತ್ತಿ ಪಿಸ್ಟನ್ ಕಚ್ಚಿ ಹಿಡಿಸುತ್ತದೆ. ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಕಡ್ಡಿಯಿಂದ ಕೆರೆದು ತೆಗೆಯಿರಿ, ಉಕ್ಕಿನ ಚೂಪು ಬೇಡ. ಬಿಚ್ಚಿದ ಮೇಲೆ ಸೀಲುಗಳನ್ನು ಹೊಸದೇ ಹಾಕಬೇಕು. ಪಿಸ್ಟನ್ನಿನ ಕ್ರೋಮ್ ಸೀಲ್ ಓಡಾಡುವ ಜಾಗದಲ್ಲಿ ಕಿತ್ತಿದ್ದರೆ ಪಿಸ್ಟನ್ ಕೂಡ.

ಲಿವರ್ ಬಿಟ್ಟ ಮೇಲೂ ಚಕ್ರ ಬಿಗಿಯಾಗಿ ಸುತ್ತಿದರೆ ಬ್ಲೀಡ್ ನಿಪ್ಪಲನ್ನು (ಗಾಳಿ ತೆಗೆಯಲು ಕ್ಯಾಲಿಪರಿನಲ್ಲಿರುವ ತಿರುಪು) ಸ್ವಲ್ಪ ಸಡಿಲಿಸಿ. ಒಂದೆರಡು ಹನಿ ಹೊರಬಂದು ಚಕ್ರ ಹಗುರಾದರೆ ಒತ್ತಡ ಒಳಗೇ ಸಿಕ್ಕಿಬಿದ್ದಿತ್ತು ಅಂತ. ಆಗ ತಪ್ಪು ಕ್ಯಾಲಿಪರಿನದಲ್ಲ, ಲಿವರ್ ಬಳಿ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರಿನ ಸಣ್ಣ ತೂತು ಕಟ್ಟಿದೆ, ಇಲ್ಲವೇ ಹಳೇ ಹೋಸ್ ಒಳಗಡೆ ಊದಿಕೊಂಡಿದೆ. ಹಗುರಾಗದಿದ್ದರೆ ಮತ್ತೆ ಪಿಸ್ಟನ್, ಪಿನ್ ಕಡೆಗೇ ಬನ್ನಿ.

ಪ್ಯಾಡ್ ಮೇಲ್ಮೈ ಗಾಜಿನ ಹಾಗೆ ಹೊಳೆಯುತ್ತಿದ್ದರೆ ಸಮತಟ್ಟಾದ ಗಾಜಿನ ಮೇಲೆ 120 ನಂಬರಿನ ಎಮರಿ ಪೇಪರ್ ಹಾಸಿ, ಮಾಸ್ಕ್ ಹಾಕಿಕೊಂಡು, ಹೊಳಪು ಹೋಗಿ ಮಾಸಲಾಗುವವರೆಗೂ ಉಜ್ಜಿ. ಡಿಸ್ಕ್ ಒಳನುಗ್ಗುವ ಕಡೆಯ ಚೂಪು ಅಂಚನ್ನು ಅರದಿಂದ 45 ಡಿಗ್ರಿಯಲ್ಲಿ 1 ರಿಂದ 2 ಮಿ.ಮೀ. ಇಳಿಸಿ. ಕೀರಲು ನಿಲ್ಲಿಸಲು ಇದೊಂದೇ ಸಾಕಾಗುವುದೂ ಉಂಟು. ಎಣ್ಣೆ ಹೀರಿದ ಪ್ಯಾಡನ್ನು ಸುಟ್ಟು ಒಣಗಿಸುವ ಉಪಾಯಗಳನ್ನು ನಂಬಬೇಡಿ, ಎಸೆಯಿರಿ. ಪ್ಯಾಡಿನ ಬೆನ್ನಿನ ತೆಳು ತಗಡು, ಒತ್ತುವ ಸ್ಪ್ರಿಂಗ್ ಕಳೆದುಹೋಗಿದ್ದರೆ ತರಿಸಿ ಹಾಕಿ. ಅವು ಅಲಂಕಾರಕ್ಕಲ್ಲ, ನಡುಕ ತಡೆಯುವುದೇ ಅವುಗಳ ಕೆಲಸ. ಪ್ಯಾಡ್ ಹಿಡಿಯುವ ಪಿನ್ನಿನಲ್ಲಿ ಸವೆದು ತೋಡು ಬಿದ್ದಿದ್ದರೆ ಪ್ಯಾಡ್ ಅಲ್ಲಿ ಸಿಕ್ಕಿಕೊಳ್ಳುತ್ತದೆ, ಪಿನ್ ಬದಲಿಸಿ. ಪಿಸ್ಟನ್ ತಾಗುವ ಬೆನ್ನಿಗೆ ಬಿಸಿ ತಡೆಯುವ ಬ್ರೇಕ್ ಗ್ರೀಸನ್ನು ಎಣ್ಣೆ ಸವರಿದಷ್ಟು ಮಾತ್ರ ಹಚ್ಚಿ.

ಡಿಸ್ಕನ್ನು ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, 120 ರಿಂದ 180 ನಂಬರಿನ ಎಮರಿಯಲ್ಲಿ ಅಡ್ಡಾದಿಡ್ಡಿ ಗೆರೆ ಬೀಳುವ ಹಾಗೆ ಲಘುವಾಗಿ ಉಜ್ಜಿ. ದಪ್ಪ ಅಳೆಯುವಾಗ ವರ್ನಿಯರ್ ಮೋಸ ಮಾಡುತ್ತದೆ: ಸವೆಯದೆ ಉಳಿದ ಅಂಚಿನ ಏಣಿನ ಮೇಲೆ ಅದರ ದವಡೆ ಕೂತು ಅಳತೆ ಹೆಚ್ಚು ತೋರಿಸುತ್ತದೆ. ಮೈಕ್ರೋಮೀಟರಿನಲ್ಲಿ ಪ್ಯಾಡ್ ಉಜ್ಜುವ ಜಾಗವನ್ನು ನಾಲ್ಕಾರು ಕಡೆ ಅಳೆಯಿರಿ. ಡಿಸ್ಕಿನ ಮೇಲೇ ಕನಿಷ್ಠ ದಪ್ಪ ಅಚ್ಚೊತ್ತಿರುತ್ತದೆ, ಅದಕ್ಕಿಂತ ಕಮ್ಮಿ ಇದ್ದರೆ ಬದಲಿಸುವುದೊಂದೇ ದಾರಿ. ಓಲಾಟದ ಮಿತಿಯನ್ನು ಎಷ್ಟೋ ಮ್ಯಾನುವಲ್ಲುಗಳು 0.3 ಮಿ.ಮೀ. ಅನ್ನುತ್ತವೆ, ನಿಮ್ಮ ಮಾದರಿಯದನ್ನು ನೋಡಿಕೊಳ್ಳಿ. ಡಿಸ್ಕ್ ಬೋಲ್ಟ್, ಚಕ್ರದ ಬೇರಿಂಗ್, ಹ್ಯಾಂಡಲ್ ಬೇರಿಂಗ್ ಸಡಿಲವಿದೆಯಾ ಅಂತಲೂ ಒಂದು ಸಲ ಅಲ್ಲಾಡಿಸಿ ನೋಡಿ.

ಬೋಲ್ಟುಗಳನ್ನು ಮ್ಯಾನುವಲ್ ಹೇಳಿದ ಟಾರ್ಕಿಗೆ (ತಿರುಗಿಸಿ ಬಿಗಿಯುವ ಬಲಕ್ಕೆ) ಬಿಗಿಯಿರಿ. ನಿಪ್ಪಲ್ ಬಿಚ್ಚಿದ್ದರೆ ಗಾಳಿ ತೆಗೆಯುವುದು ಕಡ್ಡಾಯ. ಮುಚ್ಚಳದ ಮೇಲೆ ಬರೆದ ಗ್ರೇಡಿನ ಬ್ರೇಕ್ ಆಯಿಲನ್ನೇ ಹಾಕಿ. ಡಾಟ್ 5 ಸಿಲಿಕೋನ್ ಆಯಿಲನ್ನು ಡಾಟ್ 3 ಅಥವಾ 4ಕ್ಕೆ ಬೆರೆಸಬಾರದು. ಗಾಡಿ ತಳ್ಳುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಪಂಪ್ ಮಾಡಿ. ಪಿಸ್ಟನ್ ಒಳಗೆ ಹೋಗಿರುತ್ತದೆ, ಮೊದಲ ಒಂದೆರಡು ಹಿಡಿತಕ್ಕೆ ಬ್ರೇಕೇ ಇರುವುದಿಲ್ಲ.

ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಹದವಾಗಿ ಹಿಡಿದು ಇಳಿಸಿ, ಸ್ವಲ್ಪ ದೂರ ಬ್ರೇಕ್ ಹಿಡಿಯದೆ ಓಡಿಸಿ ಆರಿಸಿ, ಹೀಗೆ 15 ರಿಂದ 20 ಸಲ. ಬಿಸಿಯಾದಾಗ ಲಿವರ್ ಹಿಡಿದು ಒಂದೇ ಕಡೆ ನಿಲ್ಲಬೇಡಿ, ಪ್ಯಾಡಿನ ಮಸಾಲೆ ಡಿಸ್ಕಿಗೆ ಒಂದೇ ಜಾಗದಲ್ಲಿ ಅಂಟುತ್ತದೆ, ಆಮೇಲೆ ಅದೇ ತಾಳದ ಸದ್ದು. ಇದೆಲ್ಲ ಆದ ಮೇಲೆ ಮಳೆ ಬಿದ್ದ ಮರುದಿನ ಬೆಳಗ್ಗೆ ಮೊದಲ ಎರಡು ಹಿಡಿತಕ್ಕೆ ಕಿರ್ ಅಂದರೆ ಅದು ಡಿಸ್ಕಿನ ಮೇಲಿನ ತೆಳು ತುಕ್ಕು, ಬಿಟ್ಟುಬಿಡಿ. ಬಿಸಿಲಲ್ಲೂ ಪ್ರತಿ ಹಿಡಿತಕ್ಕೂ ಕೀರುತ್ತಿದ್ದರೆ ಮಾತ್ರ ಈಗ ಪ್ಯಾಡಿನ ಸರದಿ: ಲೋಹದ ಪುಡಿಯ ಸಿಂಟರ್ಡ್ ಪ್ಯಾಡ್ ಇದ್ದರೆ, ಡಿಸ್ಕಿಗೆ ಒಪ್ಪುವಂಥ ಆರ್ಗ್ಯಾನಿಕ್ ಪ್ಯಾಡ್ ಹಾಕಿ ನೋಡಿ. ಅದು ಬೇಗ ಸವೆಯುತ್ತದೆ, ಆದರೆ ಸದ್ದು ಕಮ್ಮಿ.