ಎರಡು ಮೀಟರಿನ ವಿಮಾನವಿಲ್ಲದೆ ಏರೋಬ್ಯಾಟಿಕ್ಸ್ ಸ್ಪರ್ಧೆಗೆ ಇಳಿಯಬಹುದೇ?
ಕಾರವಾರದಲ್ಲಿ ಎರಡು ವರ್ಷ ರಿಮೋಟಿನ ಫೋಮ್ ಮಾದರಿ ವಿಮಾನ ಹಾರಿಸಿ ಕೈ ಪಳಗಿದೆ, ಈಗ ಸಾಲ ಮಾಡಿ ಎರಡು ಮೀಟರಿನ ಸ್ಪರ್ಧಾ ವಿಮಾನ ಕೊಳ್ಳಲೇ ಅಥವಾ ಆಕಾಶದ ಕಸರತ್ತುಗಳು ಕಠಿಣವಾಗಿ ಸ್ಪರ್ಧಿಗಳೇ ಕರಗುತ್ತಿರುವ ಈ ಹವ್ಯಾಸವನ್ನು ಬಿಡಲೇ ಎಂದು ಕೇಳಿದ್ದೀರಿ. 2016ರಲ್ಲಿ ನಾನು ಯಾರನ್ನೂ ಕೇಳದೆ, ಅಡಿಕೆ ಮಾರಿದ ದುಡ್ಡಿನಲ್ಲಿ ಅಂಥದೇ ಒಂದು ಹಳೆಯ ವಿಮಾನವನ್ನು ಶಿರಸಿಗೆ ತಂದವನು.

ಅದು ಎಫ್‌3ಎ ವರ್ಗದ್ದು, ಅಂದರೆ ರಿಮೋಟ್ ವಿಮಾನಗಳ ಏರೋಬ್ಯಾಟಿಕ್ಸಿನ ವಿಶ್ವ ಸ್ಪರ್ಧೆಯ ವರ್ಗ. ಉದ್ದವೂ ರೆಕ್ಕೆಗಳ ತುದಿಯಿಂದ ತುದಿಯ ಅಗಲವೂ ಎರಡೆರಡು ಮೀಟರು ಮೀರಬಾರದು, ಬ್ಯಾಟರಿ ಸೇರಿ ತೂಕ 5 ಕಿಲೋ ದಾಟಬಾರದು ಎಂಬುದು ಆ ವರ್ಗದ ಅಂತರರಾಷ್ಟ್ರೀಯ ನಿಯಮ. ನಮ್ಮ ಮನೆಯ ತೂಕದ ಯಂತ್ರದ ಮೇಲಿಟ್ಟಾಗ 5,040 ಗ್ರಾಂ ಬಂತು. ಆ ನಲವತ್ತು ಗ್ರಾಂ ಇಳಿಸುವುದೇ ನನಗೊಂದು ವ್ರತವಾಯಿತು. ಹಗುರವಾದ ಚಕ್ರ ಹಾಕಿದೆ, ಉದ್ದದ ತಿರುಪುಗಳನ್ನು ಕತ್ತರಿಸಿದೆ. ಕೊನೆಗೆ, ಸುಮಾರು ಒಂದೂಕಾಲು ಕಿಲೋ ತೂಗುವ ಬ್ಯಾಟರಿಯನ್ನು ಬಿಗಿಯುತ್ತಿದ್ದ ಎರಡು ಪಟ್ಟಿಗಳಲ್ಲಿ ಒಂದನ್ನೂ, ಅದು ಹಿಂದಕ್ಕೆ ಸರಿಯದಂತೆ ಅಂಟಿಸಿದ್ದ ಮರದ ತುಂಡನ್ನೂ ತೆಗೆದೆ.

ಮರುದಿನ ಬೆಳಿಗ್ಗೆ ಬೇಣದ ಹುಲ್ಲುಗಾವಲಿನಲ್ಲಿ ವಿಮಾನವನ್ನು ನೆಟ್ಟಗೆ ಮೇಲಕ್ಕೇರಿಸಿದಾಗ ಬ್ಯಾಟರಿ ಬಾಲದ ಕಡೆಗೆ ಜಾರಿತು. ನಾಲ್ಕು ಬೆರಳಷ್ಟೇ ಜಾರಿದ್ದೀತು, ಆದರೆ ಇಡೀ ವಿಮಾನದ ಕಾಲುಭಾಗದಷ್ಟು ತೂಕ ಹಿಂದೆ ಹೋದರೆ ಗುರುತ್ವ ಕೇಂದ್ರವೂ ಹಿಂದೆ ಹೋಗುತ್ತದೆ. ಆಮೇಲೆ ರಿಮೋಟಿನ ಸ್ಟಿಕ್ ಮುಟ್ಟಿದರೆ ಸಾಕು, ವಿಮಾನ ಮಗುಚುತ್ತದೆ. ಮೇಲೆ ಸಮತಲಕ್ಕೆ ತರಲು ಹೋದೆ. ಅದು ಮೂರು ಲಾಗ ಹಾಕಿ ಕೆಳಗಿನ ಅಡಿಕೆ ತೋಟಕ್ಕೆ ಬಿತ್ತು. ಬಸಿಗಾಲುವೆಯಲ್ಲಿ ಬ್ಯಾಟರಿ ಉಬ್ಬಿ ಹೊಗೆಯಾಡುತ್ತಿತ್ತು, ಬಾಲ್ಸಾ ಮರದ ಚೂರುಗಳು ಬಾಳೆ ಎಲೆಗಳ ಮೇಲೆ ಚದುರಿದ್ದವು.

ಪಟ್ಟಿ ತೆಗೆದದ್ದೇ ತಪ್ಪೆಂದು ನೀವು ಭಾವಿಸಬಹುದು. ಅದು ತಪ್ಪಿನ ಬಾಲ ಮಾತ್ರ. ನಾನು ಹೋಗಬೇಕೆಂದಿದ್ದುದು ಹತ್ತು ಹನ್ನೆರಡು ಜನ ಸೇರುವ ಸಣ್ಣ ಕೂಟಕ್ಕೆ. ಅಲ್ಲಿ ವಿಮಾನ ತೂಗಲು ತಕ್ಕಡಿಯೇ ಇರಲಿಲ್ಲ. ದುಂಡಗಿನ ಲೂಪ್, ಅಂದರೆ ಆಕಾಶದಲ್ಲಿ ನಿಂತ ವೃತ್ತ, ಹಾಕಲು ಬಾರದವನು ವಿಶ್ವ ಚಾಂಪಿಯನ್‌ಷಿಪ್ಪಿನ ನಿಯಮವನ್ನು ಮೈಮೇಲೆ ಹಾಕಿಕೊಂಡು, ಅದಕ್ಕಾಗಿ ಇದ್ದ ಸುರಕ್ಷತೆಯನ್ನೂ ಕಿತ್ತುಹಾಕಿದ್ದೆ. ಆ ವರ್ಷ ನಾನು ಕೂಟಕ್ಕೆ ಹೋಗಲಿಲ್ಲ, ಮುಂದಿನ ಮೂರು ವರ್ಷವೂ ಹೋಗಲಿಲ್ಲ.

ಹಾಗಾಗಿ ಸ್ಪರ್ಧಿಗಳು ಕರಗಲು ಕಸರತ್ತುಗಳು ಕಠಿಣವಾದದ್ದೇ ಕಾರಣ ಎಂಬ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಸ್ವಿಟ್ಜರ್ಲೆಂಡಿನ ಡ್ಯೂಬೆಂಡಾರ್ಫ್‌ನಲ್ಲಿ 1960ರಲ್ಲಿ ಮೊದಲ ವಿಶ್ವ ಸ್ಪರ್ಧೆ ನಡೆದಾಗ ಒಂದು ಕಸರತ್ತು ಮುಗಿಸಿ ಬೇಕಾದಂತೆ ತಿರುಗಿ ಬರಬಹುದಿತ್ತು; 1980ರ ದಶಕದಲ್ಲಿ ಆ ತಿರುವುಗಳಿಗೂ ಅಂಕ ಬಂತು, ಈಗ ಲೂಪಿನೊಳಗೇ ರೋಲ್ (ಮೈ ಸುತ್ತ ಉರುಳುವುದು) ಹಾಕಬೇಕು. ಮೇಲಿನ ಮೆಟ್ಟಿಲು ಎತ್ತರವಾಗಲಿ, ಅದು ಇರಬೇಕಾದದ್ದೇ ಹಾಗೆ. ಹೊಸಬರನ್ನು ಓಡಿಸುವುದು, ಆ ಮೆಟ್ಟಿಲಿನ ವಿಮಾನವನ್ನೇ ಪ್ರವೇಶ ಚೀಟಿಯೆಂದು ತೋರಿಸುವ ನಮ್ಮಂಥ ಹಳಬರು.

ಸಾಲ ಮಾಡಬೇಡಿ. ನಾಲ್ಕು ಸೆಲ್ ಬ್ಯಾಟರಿಯ, ಒಂದೂಕಾಲು ಮೀಟರಿನ ವಿಮಾನ ಸಾಕು. ಕಡಲಗಾಳಿ ಏಳುವ ಮೊದಲು, ಬೆಳಿಗ್ಗೆಯೇ ಹಾರಿಸಿ. ನಿಮ್ಮ ಹಿಂದೆ ನಿಂತು "ಲೂಪ್ ಮೊಟ್ಟೆಯಾಯಿತು" ಎಂದು ದಾಕ್ಷಿಣ್ಯವಿಲ್ಲದೆ ಹೇಳುವ ಒಬ್ಬರನ್ನು ಹುಡುಕಿಕೊಳ್ಳಿ. ನನಗೆ ಹಾಗೆ ಹೇಳಿ ಲೂಪ್ ಕಲಿಸಿದ್ದು ನನ್ನ ತಂಗಿಯ ಮಗಳು, ಆಗ ಅವಳಿಗೆ ಹನ್ನೊಂದು ವರ್ಷ.

ನೀವು ಕೇಳದ ಇನ್ನೊಂದು ವಿಷಯವಿದೆ. ಐಎನ್‌ಎಸ್ ಕದಂಬ ನೌಕಾನೆಲೆಯಿರುವ ಊರಿನವರು ನೀವು. ನಮ್ಮ ವಿಮಾನಗಳಿಗೂ ಸಲ್ಲುವ 2021ರ ಡ್ರೋನ್ ನಿಯಮಗಳಂತೆ, ಸರ್ಕಾರದ ಡಿಜಿಟಲ್ ಸ್ಕೈ ಎಂಬ ವಾಯುಪ್ರದೇಶದ ನಕ್ಷೆಯಲ್ಲಿ ಕೆಂಪಾಗಿರುವ ಕಡೆ ಕೇಂದ್ರ ಸರ್ಕಾರದ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಹಸಿರು ವಲಯದಲ್ಲೂ ಅನುಮತಿಯಿಲ್ಲದೆ ಹಾರಿಸುವ ಎತ್ತರದ ಮಿತಿ 120 ಮೀಟರು. ಎಫ್‌3ಎಯಲ್ಲಿ 150 ಮೀಟರು ದೂರದಲ್ಲಿ, 60 ಡಿಗ್ರಿ ಕೋನದವರೆಗೆ ಏರಬಹುದು, ಅಂದರೆ ಸುಮಾರು 260 ಮೀಟರು. ಸಣ್ಣ ವಿಮಾನದ ಲೂಪಿಗೆ ಆ 120 ಮೀಟರು ಧಾರಾಳವಾಯಿತು.