ದೇವರಿಗೆ ಕಾರಣ ಬೇಡವೇ?

ಪ್ರಿಯ ಓದುಗರೆ,

ಕಳೆದ ಸಂಚಿಕೆಯಲ್ಲಿ, ದೇವರು ಇರಲೇಬೇಕು ಅಂತ ವಾದಿಸಿದ ತತ್ವಜ್ಞಾನಿ, ವೈದ್ಯ ಇಬ್ನ್ ಸೀನಾ ಬಗ್ಗೆ ಬಂದ ಬರಹ ಓದಿ ನೀವು ಕೇಳಿದ್ದೀರಿ: 'ಎಲ್ಲಕ್ಕೂ ಕಾರಣ ಬೇಕು ಅಂದಮೇಲೆ ದೇವರಿಗೂ ಬೇಕಲ್ವಾ? ಅಲ್ಲಿಗೆ ಬಂದು ಸುಮ್ನೆ ನಿಂತುಬಿಟ್ಟರೆ ಹೇಗೆ?' ಒಳ್ಳೆಯ ಪ್ರಶ್ನೆ. ಆದರೆ ಅದು ಇಬ್ನ್ ಸೀನಾಗೆ ತಾಗುವುದಿಲ್ಲ. ಎಲ್ಲಕ್ಕೂ ಕಾರಣ ಬೇಕು ಅನ್ನುವುದು ಅವರ ಮಾತೇ ಅಲ್ಲ.

ನಿಮ್ಮ ಕೈಯಲ್ಲಿರುವ ಈ ಪತ್ರಿಕೆಯನ್ನೇ ನೋಡಿ. ಅದು ಇದೆ, ಆದರೆ ಇಲ್ಲದೆಯೂ ಹೋಗಬಹುದಿತ್ತು. ಪತ್ರಿಕೆ ಅಂದರೇನು ಅಂತ ಎಷ್ಟು ಕೆದಕಿದರೂ ಅದು ಯಾಕೆ ಇದೆ ಅನ್ನುವುದು ತಿಳಿಯುವುದಿಲ್ಲ, ಆ ಉತ್ತರ ಹೊರಗೆ ಹುಡುಕಬೇಕು. ಕಾರಣ ಬೇಕಾಗಿರುವುದು ಇಂಥವಕ್ಕೆ ಮಾತ್ರ. ಕಾರಣಕ್ಕೆ ಇನ್ನೊಂದು ಕಾರಣ, ಅದಕ್ಕೆ ಮತ್ತೊಂದು, ಹೀಗೆ ಕೊನೆಯೇ ಇಲ್ಲದೆ ಹೋಗಲಿ ಅನ್ನುತ್ತೀರಾ? ಹೋಗಲಿ ಬಿಡಿ. ಆ ಇಡೀ ಸಾಲನ್ನೇ ಒಟ್ಟಾಗಿ ಹಿಡಿದರೂ, ಪ್ರತಿಯೊಂದೂ ಇಲ್ಲದೆ ಹೋಗಬಹುದಾದದ್ದೇ ಆಗಿರುವಾಗ, ಸಾಲು ತನ್ನಷ್ಟಕ್ಕೆ ತಾನೇ ನಿಲ್ಲುವುದು ಹೇಗೆ? ಅದಕ್ಕೆ ಆಸರೆಯಾದದ್ದು ಇಲ್ಲದೆ ಹೋಗಲು ಸಾಧ್ಯವೇ ಇರದಂಥದ್ದು ಆಗಬೇಕು. ಅದನ್ನೇ ಅವರು ವಾಜಿಬುಲ್ ವುಜೂದ್, ಅಂದರೆ ಇರಲೇಬೇಕಾದದ್ದು, ಅಂದರು. ಅಂಥದ್ದು ಎರಡು ಇರಲಾರದು, ಇದ್ದರೆ ಒಂದನ್ನು ಇನ್ನೊಂದರಿಂದ ಬೇರೆ ಮಾಡಲು ಮತ್ತೇನೋ ಬೇಕಾಗುತ್ತದೆ, ಆಗ ಅವೂ ಇನ್ನೊಂದರ ಆಸರೆಯಲ್ಲೇ ನಿಂತಂತಾಗುತ್ತದೆ ಎಂದೂ ವಾದಿಸಿದರು.

ನನಗೆ ಜಾಸ್ತಿ ಇಷ್ಟವಾಗುವುದು ಇನ್ನೊಂದು ವಿಷಯ. ಜಗತ್ತು ಒಂದು ದಿನ ಶುರುವಾಯಿತು, ಆದ್ದರಿಂದ ಶುರುಮಾಡಿದವನೊಬ್ಬ ಇದ್ದಾನೆ ಅನ್ನುವುದು ಕಲಾಂ ಪಂಡಿತರ, ಅಂದರೆ ಇಸ್ಲಾಮಿನ ಧರ್ಮಶಾಸ್ತ್ರವನ್ನು ತರ್ಕದಿಂದ ಸಮರ್ಥಿಸಿದವರ, ದಾರಿ. 1037ರಲ್ಲಿ ಇರಾನಿನ ಹಮದಾನ್‌ನಲ್ಲಿ ತೀರಿಕೊಂಡ ಇಬ್ನ್ ಸೀನಾಗೆ ಆ ಶುರುವೇ ಬೇಕಾಗಿರಲಿಲ್ಲ. ಅವರ ಪ್ರಕಾರ ಜಗತ್ತು ಯಾವಾಗಲೂ ಇತ್ತು. ಕೈ ತಿರುಗಿದಾಗಲೇ ಕೈಯಲ್ಲಿರುವ ಬೀಗದ ಕೀ ಕೂಡ ತಿರುಗುತ್ತದೆ, ಹಿಂದೆ ಮುಂದೆ ಇಲ್ಲ, ಆದರೂ ಕೈ ತಿರುಗಿದ್ದಕ್ಕೇ ಕೀ ತಿರುಗಿದ್ದು, ಅಲ್ವಾ? ದೇವರ ಮೇಲೆ ಜಗತ್ತು ಆತುಕೊಂಡಿರುವುದು ಹಾಗೆ, ಈ ಕ್ಷಣವೂ.

ನೀವು ವಾದಕ್ಕೆ ಪೆಟ್ಟು ಕೊಡಲೇಬೇಕು ಅಂದರೆ ಇಂಥ ತತ್ವಜ್ಞಾನಿಗಳನ್ನು ಖಂಡಿಸಿದ ಧರ್ಮಪಂಡಿತ ಇಮಾಮ್ ಗಝಾಲಿ ಕೊಟ್ಟಲ್ಲೇ ಕೊಡಿ. 1095ರಲ್ಲಿ ಮುಗಿಸಿದ 'ತಹಾಫುತುಲ್ ಫಲಾಸಿಫಾ' (ತತ್ವಜ್ಞಾನಿಗಳ ಅಸಂಗತತೆ) ಅನ್ನುವ ಪುಸ್ತಕದಲ್ಲಿ ಅವರು ಕೇಳುತ್ತಾರೆ: ಒಂದೊಂದಕ್ಕೂ ಕಾರಣವಿದೆ ಅಂದಮಾತ್ರಕ್ಕೆ ಒಟ್ಟು ಸಾಲಿಗೂ ಕಾರಣ ಇರಬೇಕೇ? ಇದಕ್ಕೆ ಇಬ್ನ್ ಸೀನಾ ಕಡೆಯಿಂದ ಉತ್ತರವಿದೆ ಅಂತಲೇ ನನ್ನ ಅನಿಸಿಕೆ, ಬಿಡಿಗಳಿಲ್ಲದೆ ಒಟ್ಟು ಇರದು, ಹಾಗಾಗಿ ಒಟ್ಟೂ ಪರಾಧೀನವೇ. ಆದರೆ ಗಝಾಲಿಯ ಇನ್ನೊಂದು ದೂರು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸೂರ್ಯನಿಂದ ಬೆಳಕು ಬಂದ ಹಾಗೆ ದೇವರಿಂದ ಜಗತ್ತು ಬರಲೇಬೇಕಾಗಿ ಬಂದಿದ್ದರೆ, ಅವನು ಅದನ್ನು ಬಯಸಿ ಮಾಡಿದ ಅಂತ ಹೇಗೆ ಹೇಳುವುದು?